ಬಿಡಿ ಸಿಗರೇಟು, ಇಡೀ ಶ್ವಾಸಕೋಶ

ಬಸ್ ಸ್ಟ್ಯಾಂಡ್ ಪಕ್ಕದ ಬೀಡಾ ಅಂಗಡಿಯಲ್ಲಿ ಒಂದೊಂದೇ ಸಿಗರೇಟು ಮಾರುವುದು ಈಗ ಅಪರಾಧ. ರಾಜ್ಯದ ತಿದ್ದುಪಡಿ ಕಾನೂನು 2025ರ ಮೇ ಕೊನೆಯಲ್ಲಿ ಜಾರಿಗೆ ಬಂತು. 21 ತುಂಬದವರಿಗೆ ಮಾರುವಂತಿಲ್ಲ. ಸಾರ್ವಜನಿಕ ಸ್ಥಳದಲ್ಲಿ ಸೇದಿದವರಿಗೆ ದಂಡ 200 ರೂಪಾಯಿಯಿಂದ 1000ಕ್ಕೆ ಏರಿದೆ. ಆದರೂ "ಒಂದ್ ಕೊಡಣ್ಣಾ" ಎಂಬ ಕೂಗು ನಿಂತಿಲ್ಲ, ಕೊಡುವ ಕೈಯೂ ನಿಂತಿಲ್ಲ.

ಅಂಗಡಿಯವರ ಗೊಣಗಾಟ ಪೂರಾ ಸುಳ್ಳಲ್ಲ. ಕಾರ್ಖಾನೆ ನಡೆಯಬಹುದು, ಸರ್ಕಾರ ತೆರಿಗೆ ಎಣಿಸಬಹುದು, ದಂಡ ಮಾತ್ರ ಗೂಡಂಗಡಿಯವನಿಗೇಕೆ? ಪ್ರಶ್ನೆ ನ್ಯಾಯವಾದದ್ದೇ. ಆದರೆ ಬಿಡಿ ಮಾರಾಟದ ಒಳಗುಟ್ಟು ಬೇರೆ ಇದೆ. 2016ರಿಂದ ಪ್ಯಾಕಿನ ಶೇಕಡಾ 85 ಭಾಗ ಎಚ್ಚರಿಕೆಯ ಚಿತ್ರಕ್ಕೇ ಮೀಸಲು. ಚಟ ಬಿಡಲು ನೆರವಾಗುವ 1800-11-2356 ಎಂಬ ಉಚಿತ ಫೋನ್ ನಂಬರೂ ಅಲ್ಲೇ ಅಚ್ಚಾಗಿದೆ. ಒಂದೇ ಒಂದು ಕೊಂಡ ಕಾಲೇಜು ಹುಡುಗನಿಗೆ ಆ ಚಿತ್ರವೂ ಇಲ್ಲ, ನಂಬರೂ ಇಲ್ಲ. ಪ್ಯಾಕಿಗೆ ದುಡ್ಡಿಲ್ಲದವನಿಗೆ ಚಟ ಹತ್ತುವುದೇ ಹೀಗೆ, ಚಿಲ್ಲರೆಯಲ್ಲಿ.

ಹೊಗೆಯಲ್ಲಿ ಕ್ಯಾನ್ಸರ್ ತರುವ ವಸ್ತುಗಳೇ ಸುಮಾರು 70. ಅವು ಶ್ವಾಸನಾಳದ ಒಳಪದರದ ಜೀವಕೋಶಗಳನ್ನು ದಿನಾ ಕೆಡಿಸುತ್ತಾ ಹೋಗುತ್ತವೆ. ಗೆಡ್ಡೆ ಕಾಣುವ ಹೊತ್ತಿಗೆ ಸಾಮಾನ್ಯವಾಗಿ ಇಪ್ಪತ್ತು ಮೂವತ್ತು ವರ್ಷ ಕಳೆದಿರುತ್ತದೆ. ಅದಕ್ಕೇ "ಏನಾಗುತ್ತೆ ಬಿಡ್ರೀ" ಎನ್ನುವ ಧೈರ್ಯ. ಬೀಡಿ ಎಲೆಯದ್ದು, ಅಪಾಯವಿಲ್ಲ ಎಂಬುದು ಇನ್ನೊಂದು ಭ್ರಮೆ. ಬೀಡಿ ಆರದಿರಲು ಮೇಲಿಂದ ಮೇಲೆ ಎಳೆಯಬೇಕು, ಒಳಗೆ ಹೋಗುವ ವಿಷವೂ ಅಷ್ಟೇ ಜಾಸ್ತಿ.

ಶ್ವಾಸಕೋಶದ ಒಳಭಾಗಕ್ಕೆ ನೋವು ಗೊತ್ತಾಗುವುದಿಲ್ಲ. ಇಡೀ ಅನಾಹುತದ ಬುಡ ಇದೇ. ಮೂರು ವಾರ ಬಿಡದ ಕೆಮ್ಮು, ಕಫದಲ್ಲಿ ರಕ್ತ, ಗೊಗ್ಗರು ದನಿ, ಬಸ್ಸಿನ ಮೆಟ್ಟಿಲು ಹತ್ತಿದರೇ ಏದುಸಿರು, ಇಳಿಯುವ ತೂಕ: ಇವು ಕ್ಷಯದಲ್ಲೂ ಕಾಣುವ ಲಕ್ಷಣಗಳು. ಕ್ಷಯವೆಂದು ತಿಂಗಳುಗಟ್ಟಲೆ ಮಾತ್ರೆ ನುಂಗಿ, ಆಮೇಲೆ ಕ್ಯಾನ್ಸರ್ ಎಂದು ತಿಳಿದವರು ನಮ್ಮ ದೇಶದಲ್ಲಿ ಬಹಳ. ಅಷ್ಟರಲ್ಲಿ ರೋಗ ಮೂಳೆಗೋ ಮಿದುಳಿಗೋ ಹರಡಿದರೆ ಆಪರೇಷನ್ನಿನ ದಾರಿ ಬಹುಮಟ್ಟಿಗೆ ಮುಚ್ಚಿದಂತೆ. ಇನ್ನುಳಿದದ್ದು ಕಿದ್ವಾಯಿ ಆಸ್ಪತ್ರೆಗೆ ಬೆಂಗಳೂರು ಬಸ್ಸು, ಜೊತೆಗೊಬ್ಬರು, ಇಬ್ಬರ ಕೂಲಿಯೂ ಖೋತಾ. ಅಂಗಡಿಯ ಯಜಮಾನನೇ ಮಲಗಿದರೆ ಷಟರ್ ಎತ್ತುವವರು ಯಾರು?

ಸೇದದವರಿಗೂ ಈ ರೋಗ ಬರುವುದುಂಟು. ಗಂಡ ಸೇದಿದ ಹೊಗೆ ಹೆಂಡತಿಯ ಎದೆಗೂ ಹೋಗುತ್ತದೆ. ಡೀಸೆಲ್ ಹೊಗೆ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2012ರಲ್ಲೇ ಹೇಳಿದೆ. ಇಂಜಿನ್ ಆರಿಸದೆ ಅರ್ಧ ಗಂಟೆ ಬಸ್ ನಿಲ್ಲಿಸುವ ಡ್ರೈವರ್ ಮಹಾಶಯರ ಕಿವಿಗೆ ಇದನ್ನು ಹಾಕಿದವರುಂಟೇ?

ಸೇದುವುದನ್ನು ಬಿಟ್ಟು ಹತ್ತು ವರ್ಷವಾದರೆ ಅಪಾಯ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ; ಐವತ್ತರಲ್ಲಿ ಬಿಟ್ಟರೂ ಲಾಭವಿದೆ. ಇತ್ತ 2008ರ ನಿಯಮದ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಸೇದುವವರಿಗೆ ಬೆಂಕಿಪೊಟ್ಟಣ, ಲೈಟರ್ ಒದಗಿಸುವಂತೆಯೇ ಇಲ್ಲ. ಮೇ 31ರ ತಂಬಾಕು ವಿರೋಧಿ ದಿನ ಜಾಥಾ ನಡೆಸುವ ಅಧಿಕಾರಿಗಳು ಜೂನ್ ಒಂದರಂದು ಅದೇ ನಿಲ್ದಾಣಕ್ಕೆ ಬಂದು, ಅಂಗಡಿ ಮುಂದೆ ದಾರ ಕಟ್ಟಿ ನೇತುಹಾಕಿದ ಲೈಟರನ್ನು ಒಮ್ಮೆ ನೋಡಲಿ.