ಊಟ ಹಾಕಿದರೆ ಸಂಬಳವಾಯಿತೆ?



ಕನಿಷ್ಠ ವೇತನ ಏರಬೇಕೆಂಬ ಮಾತು ಎದ್ದಾಗಲೆಲ್ಲ ಮುಂಬಯಿಯ ಹೋಟೆಲು ಧಣಿಗಳಿಂದ ಬರುವ ಉತ್ತರ ಒಂದೇ: “ಊಟ ಕೊಡುತ್ತೇವೆ, ಮಲಗಲು ಜಾಗ ಕೊಡುತ್ತೇವೆ, ಇನ್ನೇನು ಬೇಕು?” ಈ ಮಾತನ್ನು ತಕ್ಕಡಿಗೆ ಹಾಕಿ ನೋಡೋಣ.

1957ರಲ್ಲಿ ನಡೆದ 15ನೆಯ ಭಾರತೀಯ ಕಾರ್ಮಿಕ ಸಮ್ಮೇಳನದಲ್ಲಿ ಸರ್ಕಾರ, ಮಾಲಿಕರು, ಕಾರ್ಮಿಕರು ಮೂವರೂ ಕೂಡಿ ಒಂದು ಅಳತೆ ಗೊತ್ತುಮಾಡಿದರು. ದುಡಿಯುವವನೊಬ್ಬನ ಸಂಬಳ ಮೂರು ಪಾಲಿನ ಸಂಸಾರಕ್ಕೆ ಸಾಲಬೇಕು. ವಯಸ್ಕನಿಗೆ ದಿನಕ್ಕೆ 2700 ಕ್ಯಾಲೊರಿಯ ಆಹಾರ, ಸಂಸಾರಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಉರುವಲು, ದೀಪ ಎಲ್ಲವೂ ಆ ಲೆಕ್ಕದಲ್ಲಿವೆ. 1991ರಲ್ಲಿ ಸುಪ್ರೀಂ ಕೋರ್ಟು ಮಕ್ಕಳ ಓದು, ಔಷಧ, ಹಬ್ಬ, ಮದುವೆ, ಮುಪ್ಪು ಇವುಗಳಿಗೆಂದು ಶೇ. 25ರ ಪಾಲನ್ನೂ ಸೇರಿಸಿತು.

ಈಗ ಹೇಳಿರಿ, ಧಣಿಗಳೇ! ಹೋಟೆಲಿನ ಊಟ ತುಂಬುವುದು ಮಾಣಿಯೊಬ್ಬನ ಹೊಟ್ಟೆಯನ್ನು. ಅಂದರೆ ಮೂರರಲ್ಲಿ ಒಂದು ಪಾಲನ್ನು. ಊರಿನಲ್ಲಿ ಕಾದು ಕುಳಿತ ಹೆಂಡತಿ ಮಕ್ಕಳ ಎರಡು ಪಾಲು ಯಾರ ಎಲೆಯಲ್ಲಿದೆ? ರಾತ್ರಿ ಮೇಜುಗಳ ನಡುವೆ ಹಾಸುವ ಚಾಪೆ ಅವರಿಗೆ ಮನೆಯಾದೀತೆ?

“ಸಂಬಳ ಏರಿಸಿದರೆ ಹೋಟೆಲು ಮುಚ್ಚಬೇಕಾಗುತ್ತದೆ” ಎಂಬುದು ಎರಡನೆಯ ಬೆದರಿಕೆ. ಗ್ಯಾಸಿನ ಬೆಲೆ ಏರಿದಾಗ, ಎಣ್ಣೆ, ಬೇಳೆ ತುಟ್ಟಿಯಾದಾಗ ಫಲಕದ ಮೇಲೆ ಇಡ್ಲಿ ದೋಸೆಯ ದರ ಏರುತ್ತದೆ; ಹೋಟೆಲು ನಡೆಯುತ್ತದೆ. ತುಟ್ಟಿಯಾಗಬಾರದ್ದು ಕೆಲಸಗಾರನ ಬೆವರು ಮಾತ್ರವೆ? ಸಣ್ಣ ಹೋಟೆಲಿನವರ ಕಷ್ಟ ನಮಗೆ ತಿಳಿಯದ್ದಲ್ಲ. ನಿನ್ನೆಯ ಮಾಣಿಯೇ ಇಂದಿನ ಧಣಿಯಾದ ಉದಾಹರಣೆಗಳು ನಮ್ಮಲ್ಲೇ ಇವೆ. ಆದರೆ ಎಲ್ಲರಿಗೂ ಒಂದೇ ಕನಿಷ್ಠ ದರವಿದ್ದು ಅದು ನಿಜವಾಗಿ ಜಾರಿಯಾದರೆ, ನ್ಯಾಯವಾಗಿ ಸಂಬಳ ಕೊಡುವ ಧಣಿಗೆ ಪಕ್ಕದ ಕಳ್ಳಲೆಕ್ಕದವನ ಪೈಪೋಟಿ ತಪ್ಪುತ್ತದೆ.

ಕೇರಳದ ಹೆಂಚು ಕಾರ್ಖಾನೆಗಳ ಮೊಕದ್ದಮೆಯಲ್ಲಿ 1961ರಲ್ಲೇ ತೀರ್ಪಾಗಿದೆ: ಕನಿಷ್ಠ ವೇತನ ಗೊತ್ತುಮಾಡುವಾಗ ಕೊಡುವ ಶಕ್ತಿ ಮಾಲಿಕನಿಗಿದೆಯೇ ಎಂಬ ಪ್ರಶ್ನೆಯೇ ಏಳದು. 1982ರಲ್ಲಿ, ಏಷ್ಯಾಡ್ ಕಾಮಗಾರಿಯ ಕೂಲಿಗಳ ಮೊಕದ್ದಮೆಯಲ್ಲಿ, ಅದಕ್ಕಿಂತ ಕಡಿಮೆ ಕೊಟ್ಟು ದುಡಿಸುವುದು ಬಲವಂತದ ದುಡಿಮೆಯೆಂದೇ ಸುಪ್ರೀಂ ಕೋರ್ಟು ಸಾರಿತು.

ಆ 1982ನ್ನು ಗಿರಣಿ ಬಂಧುಗಳು ಮರೆಯಲಾರರು. ಜನವರಿ 18ರಂದು ಆರಂಭವಾದ ಮುಷ್ಕರದ ಬಳಿಕ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಅಲ್ಲಿಂದ ಹೊರಬಿದ್ದು ಕಾವಲಿಗೆ, ಗುತ್ತಿಗೆ ಕೆಲಸಕ್ಕೆ ಸೇರಿದವರಿಗೆ ಸಂಘದ ಆಸರೆಯೂ ಇಲ್ಲವಾಯಿತು. ಅಂಥವರಿಗೆ ಉಳಿದ ಒಂದೇ ಊರುಗೋಲು ಕನಿಷ್ಠ ವೇತನ.

ಅದರ ಗತಿಯೇನು? 2017ರ ಜೂನಿನಲ್ಲಿ ಕೇಂದ್ರ ಸರ್ಕಾರ ಇಟ್ಟ ರಾಷ್ಟ್ರೀಯ ತಳಮಟ್ಟ ದಿನಕ್ಕೆ 176 ರೂ. ಸರ್ಕಾರವೇ ನೇಮಿಸಿದ ತಜ್ಞರ ಸಮಿತಿ 2019ರಲ್ಲಿ ಕೇಳಿದ್ದು 375 ರೂ. ಅರ್ಧದಷ್ಟೂ ಆಗಲಿಲ್ಲ! 1948ರ ಕಾಯಿದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ ವೇತನ ಸಂಹಿತೆ ಬಂದಿದೆ. ಅದರಂತೆ ಕೇಂದ್ರವು ಗೊತ್ತುಮಾಡುವ ತಳಮಟ್ಟಕ್ಕಿಂತ ಯಾವ ರಾಜ್ಯವೂ ಕೆಳಗಿಳಿಯುವಂತಿಲ್ಲ. ತಳವೇ ತೂತಾದರೆ ಕೊಡದಲ್ಲಿ ನೀರು ನಿಲ್ಲುವುದೆ?

ಆದುದರಿಂದ ನಮ್ಮ ಬೇಡಿಕೆ ಸ್ಪಷ್ಟ. ತಳಮಟ್ಟವು 1957ರ ಅಳತೆಯಂತೆ, 1991ರ ಶೇ. 25ರೊಡನೆ ಗೊತ್ತಾಗಲಿ. ಐದು ವರ್ಷದೊಳಗಿನ ಪರಿಷ್ಕರಣೆ ತಪ್ಪದಿರಲಿ. ಒಬ್ಬನಿಗೆ ಹಾಕಿದ ಊಟವನ್ನು ಇಡೀ ಸಂಸಾರದ ಊಟವೆಂದು ಎಣಿಸುವ ಲೆಕ್ಕ ಕೊನೆಗಾಣಲಿ.

ಗೆಳೆಯರೇ, ಸಂಬಳದ ಚೀಟಿ ಕೊಡುವುದು ಮಾಲಿಕನ ಕರ್ತವ್ಯವೆಂದು ಸಂಹಿತೆಯಲ್ಲೇ ಇದೆ. ಈ ತಿಂಗಳೇ ಕೇಳಿ ಪಡೆಯಿರಿ. ಕೊಡದಿದ್ದರೆ ಸಂಘಕ್ಕೆ ಬನ್ನಿರಿ. ಒಬ್ಬನೇ ಕೇಳಿದರೆ ಅದು ಬೇಡಿದಂತೆ. ಎಲ್ಲರೂ ಕೂಡಿ ಕೇಳಿದರೆ ಅದು ಹಕ್ಕು!