ಬೆರಳಿಗೆ ಬದಲಿಯುಂಟೇ?

ಗುಪ್ತಪದವನ್ನು ಸಹೋದ್ಯೋಗಿಗೆ ಹೇಳಬಹುದು, ಬೆರಳನ್ನು ಕೊಡಲಾಗದು. 2000ದ ದಶಕದ ಆರಂಭದಲ್ಲಿ ‘ಭೂಮಿ’ ಯೋಜನೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳೂ ಸೇರಿದಂತೆ ರಾಜ್ಯದ ತಾಲ್ಲೂಕು ಕಚೇರಿಗಳಲ್ಲಿ ಪಹಣಿಯನ್ನು ಗಣಕೀಕರಿಸಿದಾಗ ತಿದ್ದುಪಡಿ ಮಾಡುವ ನೌಕರನ ಬೆರಳ ಗುರುತು ಕೇಳಿದ್ದು ಅದಕ್ಕೇ. ತಿದ್ದಿದವನು ‘ನಾನಲ್ಲ’ ಎನ್ನುವಂತಿರಲಿಲ್ಲ. ಸರಿಯಾದ ಕ್ರಮವೇ.

ಆದರೆ ಬೆರಳು ಕೇಳುವ ಯಂತ್ರ ಈಗ ನ್ಯಾಯಬೆಲೆ ಅಂಗಡಿಗೂ ಬಂದಿದೆ. ಗಂಗಾವತಿಯ ಗದ್ದೆಗಳಲ್ಲಿ ನಾಟಿ ಮಾಡಿ ಸವೆದ ಬೆರಳನ್ನು ಅದು ಗುರುತಿಸದಿದ್ದರೆ ಕೂಲಿಯ ಹೆಣ್ಣುಮಗಳು ಬರಿಗೈಲಿ ಮರಳಬೇಕೇ? ಸೋರಿದ ಗುಪ್ತಪದವನ್ನಾದರೆ ಬದಲಿಸಬಹುದು. 2023ರಲ್ಲಿ ‘ಕಾವೇರಿ’ ಜಾಲತಾಣದ ನೋಂದಣಿ ಪತ್ರಗಳಿಂದ ಬೆರಳ ಗುರುತು ಕದ್ದು, ಆಧಾರ್ ಪಾವತಿಯ ಮೂಲಕ ಬ್ಯಾಂಕ್ ಖಾತೆಗಳಿಂದ ಹಣ ಲಪಟಾಯಿಸಿದ ಪ್ರಕರಣಗಳು ಬಯಲಾದವು. ಹಣ ಕಳೆದುಕೊಂಡವರು ಹೊಸ ಬೆರಳನ್ನು ಎಲ್ಲಿಂದ ತರಬೇಕು? ಅಧಿಕಾರಿಯನ್ನು ಬೆರಳಿನಿಂದಲೇ ಕಟ್ಟಿಹಾಕಲಿ. ಪ್ರಜೆಗೆ ಮಾತ್ರ ಒಟಿಪಿಯೋ, ಚೀಟಿಯೋ, ಬೇರೊಂದು ದಾರಿ ಪ್ರತಿ ಅಂಗಡಿಯಲ್ಲೂ ತೆರೆದಿರಬೇಕು.