ಲೆಕ್ಕಕ್ಕೆ ಸೇರದ ಅಂತರ್ಜಲದ ಬೆಲೆ

ಬೆಳೆಯ ಖರ್ಚು-ಆದಾಯ ಬರೆಯುವಾಗ ಬೀಜ, ಗೊಬ್ಬರ, ಔಷಧಿ, ಕೂಲಿ, ಸಾಗಾಣಿಕೆ ಎಲ್ಲವನ್ನೂ ನೀವು ಪರಿಗಣಿಸುತ್ತೀರಿ. ನೀರಿನ ಬಾಬ್ತು ಮಾತ್ರ ಸಾಮಾನ್ಯವಾಗಿ ಖಾಲಿ ಉಳಿಯುತ್ತದೆ. ರಾಜ್ಯದಲ್ಲಿ 10 ಅಶ್ವಶಕ್ತಿವರೆಗಿನ ನೀರಾವರಿ ಪಂಪ್‌ಸೆಟ್‌ಗಳಿಗೆ ಉಚಿತ ವಿದ್ಯುತ್ ದೊರೆಯುವುದರಿಂದ ನೀರೂ ಉಚಿತವೆಂಬ ಭಾವನೆ ಬೇರೂರಿದೆ.

ವಾಸ್ತವ ಹಾಗಿಲ್ಲ ಎಂಬುದಕ್ಕೆ ಕೋಲಾರ ಜಿಲ್ಲೆಯೇ ನಿದರ್ಶನ. ವರ್ಷವಿಡೀ ಹರಿಯುವ ನದಿ ಇಲ್ಲದ ಈ ಜಿಲ್ಲೆಯನ್ನು ಕೇಂದ್ರ ಅಂತರ್ಜಲ ಮಂಡಳಿಯು ಅಂತರ್ಜಲದ ಅತಿಬಳಕೆಯ ಪ್ರದೇಶವೆಂದು ಗುರುತಿಸಿದೆ. ಅಂದರೆ, ವರ್ಷದಲ್ಲಿ ಸುರಕ್ಷಿತವಾಗಿ ತೆಗೆಯಬಹುದಾದ ಪ್ರಮಾಣಕ್ಕಿಂತ ಹೆಚ್ಚಿನ ನೀರನ್ನು ಇಲ್ಲಿ ಮೇಲೆತ್ತಲಾಗುತ್ತಿದೆ. ಅದರ ಬೆಲೆಯನ್ನು ರೈತನು ವಿಫಲ ಕೊಳವೆಬಾವಿಗಳ ರೂಪದಲ್ಲಿ ತೆರುತ್ತಾನೆ.

ಈ ಬೆಲೆಯನ್ನು ಅಳೆಯುವುದು ಕಷ್ಟವಲ್ಲ. ಒಂದು ಕಲ್ಪಿತ ಲೆಕ್ಕವನ್ನು ನೋಡೋಣ. ರೈತರೊಬ್ಬರು ಮೂರು ಕೊಳವೆಬಾವಿ ಕೊರೆಸಿ, ಎರಡು ವಿಫಲವಾಗಿ, ಒಂದರಲ್ಲಿ ಮಾತ್ರ ನೀರು ದೊರೆಯಿತೆನ್ನಿ. ಮೂರಕ್ಕೂ ಸೇರಿ ತಗುಲಿದ ವೆಚ್ಚ 6 ಲಕ್ಷ ರೂಪಾಯಿ. ಆ ಬಾವಿ 5 ವರ್ಷ ಬಾಳಿದರೆ, ಬಡ್ಡಿ ಬಿಟ್ಟು, ನೀರಿನ ವಾರ್ಷಿಕ ವೆಚ್ಚ 1,20,000 ರೂಪಾಯಿ. 2 ಎಕರೆಗೆ ಹಂಚಿದರೆ ಎಕರೆಗೆ 60,000. ತರಕಾರಿಯಲ್ಲಿ ವರ್ಷಕ್ಕೆ ಎಕರೆಗೆ 50,000 ರೂಪಾಯಿ ಲಾಭ ಬಂದಿತೆಂದು ಅವರು ಭಾವಿಸಿದ್ದರೆ, ನಿಜದಲ್ಲಿ ಆಗಿರುವುದು 10,000 ರೂಪಾಯಿ ನಷ್ಟ.

ಈಗ ಸಂರಕ್ಷಣೆಯ ಮೌಲ್ಯವನ್ನು ಗಮನಿಸಿ. ಹನಿ ನೀರಾವರಿ, ಹೊದಿಕೆ, ಬದು ಹಾಗೂ ಕೃಷಿ ಹೊಂಡಗಳ ನೆರವಿನಿಂದ ಅದೇ ಬಾವಿ 8 ವರ್ಷ ಬಾಳಿದರೆ ವಾರ್ಷಿಕ ವೆಚ್ಚ 75,000ಕ್ಕೆ ಇಳಿಯುತ್ತದೆ. ಉಳಿಯುವ 45,000 ರೂಪಾಯಿಯೇ ಆ ಕ್ರಮಗಳ ಆರ್ಥಿಕ ಮೌಲ್ಯ. ಅವುಗಳಿಗೆ ತಗುಲುವ ವಾರ್ಷಿಕ ವೆಚ್ಚವನ್ನು ಇದರೊಂದಿಗೆ ಹೋಲಿಸಿ ನಿರ್ಧರಿಸಬಹುದು. ಆದರೆ ಉಳಿದ ನೀರಿನಿಂದ ನೀರಾವರಿ ಕ್ಷೇತ್ರವನ್ನೇ ವಿಸ್ತರಿಸಿದರೆ ಬಾವಿಯ ಆಯುಷ್ಯ ಹೆಚ್ಚದು.

ಈ ಲೆಕ್ಕದ ಹೊರಗೂ ನಷ್ಟಗಳಿವೆ. ನಿಮ್ಮ ಆಳವಾದ ಬಾವಿಯಿಂದ ನೆರೆಯವರ ಬಾವಿ ಬತ್ತಿದರೆ ಆ ವೆಚ್ಚ ಅವರದಾಗುತ್ತದೆ. ನೀರಿನ ಗುಣಮಟ್ಟ ಕೆಟ್ಟರೆ ಹೊರೆ ಇಡೀ ಊರಿನದು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಮೀರಿದ ಊರುಗಳಲ್ಲಿ ಶುದ್ಧ ನೀರಿಗೆ ಕುಟುಂಬಗಳು ತೆರುವ ಹಣವೂ ಪರಿಸರ ಹಾನಿಯ ಒಂದು ಅಳತೆಗೋಲು.

2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ಮೂಲಕ ಬೆಂಗಳೂರಿನ ಸಂಸ್ಕರಿತ ನೀರು ಕೋಲಾರದ ಕೆರೆಗಳನ್ನು ತುಂಬುತ್ತಿದೆ. ಇದರ ಪ್ರಯೋಜನವನ್ನು ಕೇವಲ ನೀರಿನ ಮಟ್ಟದಿಂದ ಅಳೆಯಲಾಗದು. ಗುಣಮಟ್ಟದ ನಿಯಮಿತ ಪರೀಕ್ಷೆಯೂ ಲೆಕ್ಕದ ಭಾಗವಾಗಬೇಕು. ಹಾಗೆಯೇ ಹೊರಗಿನಿಂದ ನೀರು ಬಂದ ಮಾತ್ರಕ್ಕೆ ಬಳಕೆಯ ಮಿತಿ ಅನಗತ್ಯವಾಗದು. 2019ರಲ್ಲಿ ಆರಂಭವಾದ ಅಟಲ್ ಭೂಜಲ ಯೋಜನೆಯು ಆಯ್ದ ಗ್ರಾಮ ಪಂಚಾಯತಿಗಳಲ್ಲಿ ನೀರಿನ ಬಜೆಟ್ ಪದ್ಧತಿಯನ್ನು ಪರಿಚಯಿಸಿತು. ಅದೇ ಶಿಸ್ತು ಪ್ರತಿ ಹೊಲಕ್ಕೂ ಅಗತ್ಯ.

ಆದ್ದರಿಂದ ಪ್ರತಿಯೊಂದು ಕೊಳವೆಬಾವಿ ಕೊರೆಸಿದ ವರ್ಷ, ಆಳ, ವೆಚ್ಚ ಮತ್ತು ನೀರು ನಿಂತ ವರ್ಷವನ್ನು ದಾಖಲಿಸಿ. ವಿಫಲವಾದವುಗಳನ್ನೂ ಬಿಡದಿರಿ. ಮುಂದಿನ ಕೊಳವೆಬಾವಿಗೆ ಸಾಲ ಮಾಡುವ ಮುನ್ನ ಈ ಪುಟವನ್ನೊಮ್ಮೆ ಓದಿರಿ.